ಸೋಡಾ ವ್ಯಾನಿನಲ್ಲಿ ಬಾಡಿಗೆ ಕೊಡದ ಇಬ್ಬರು

೧೯೮೨ರಲ್ಲಿ ನಾನು ಒಂದು ವಿಮಾ ಕಂಪನಿಯ ಚಿಕ್ಕಮಗಳೂರು ಶಾಖೆಯಲ್ಲಿ ಮೋಟಾರ್ ಸರ್ವೇಯರ್ ಆಗಿದ್ದೆ. ಮನೆ ಕಡೂರಿನಲ್ಲಿ. ಕಡೂರು ತಾಲ್ಲೂಕು, ತರೀಕೆರೆ, ಅಜ್ಜಂಪುರದ ಕಡೆ ಯಾವ ವಾಹನ ಯಾವುದಕ್ಕೆ ಗುದ್ದಿದರೂ ಅದರ ಕಡತ ನನ್ನ ಮೇಜಿಗೆ ಬರುತ್ತಿತ್ತು. ಸಿಂಗಟಗೆರೆಯ ಬಳಿ ತೆಂಗಿನಕಾಯಿ ಲಾರಿ ಮಗುಚಿದ್ದನ್ನೂ, ಎಮ್ಮೆದೊಡ್ಡಿ ಹುಲ್ಲುಗಾವಲಿನ ಅಮೃತಮಹಲ್ ಹೋರಿಯೊಂದು ನಿಂತಿದ್ದ ಜೀಪಿನ ಬಾಗಿಲನ್ನು ಕೊಂಬಿನಿಂದ ಎತ್ತಿ ಕಿತ್ತದ್ದನ್ನೂ ನಾನೇ ಅಳೆದು ವರದಿ ಬರೆದಿದ್ದೇನೆ. ಸರ್ವೇಯರ್ ಎಂದರೆ ಜಮೀನು ಅಳೆಯುವವನೆಂದು ತಿಳಿದು ಹಳ್ಳಿಗಳಲ್ಲಿ ನನಗೆ ಗಡಿಕಲ್ಲು ತೋರಿಸಲು ಕರೆದುಕೊಂಡು ಹೋದವರೂ ಉಂಟು. ನನ್ನ ಕೆಲಸ ಬೇರೆ. ಅಪಘಾತದಲ್ಲಿ ವಾಹನಕ್ಕೆ ಆದ ಹಾನಿ ಎಷ್ಟು, ಅಪಘಾತವಾದಾಗ ಆ ವಾಹನ ಯಾರ ಕೈಯಲ್ಲಿ, ಯಾವ ಉದ್ದೇಶಕ್ಕೆ ಓಡುತ್ತಿತ್ತು ಎಂದು ನೋಡಿ ಕಂಪನಿಗೆ ತಿಳಿಸುವುದು. ಎಷ್ಟೋ ಸಲ ಹಾನಿಯ ಲೆಕ್ಕಕ್ಕಿಂತ ಆ ಎರಡನೆಯ ಪ್ರಶ್ನೆಯೇ ಜನರ ಹಣೆಬರಹವನ್ನು ನಿರ್ಧರಿಸುತ್ತಿತ್ತು.

ಆ ವರ್ಷ ಮಳೆಗಾಲಕ್ಕೆ ಸ್ವಲ್ಪ ಮುಂಚೆ ಅಜ್ಜಂಪುರದಿಂದ ಒಂದು ಕಡತ ಬಂತು. ವಾಹನದ ಮಾಲೀಕರು ಗಫೂರ್ ಸಾಹೇಬ್. ಊರಿನಲ್ಲಿ ಅವರದೊಂದು ಗೋಲಿ ಸೋಡಾ ಕಾರ್ಖಾನೆ. ಕಾರ್ಖಾನೆ ಎಂದರೆ ಮನೆಯ ಮುಂಭಾಗದ ಶೆಡ್ಡು, ಗ್ಯಾಸ್ ತುಂಬುವ ಒಂದು ಯಂತ್ರ, ಮರದ ಕ್ರೇಟುಗಳು, ಮತ್ತೆ ಅವನ್ನು ಸುತ್ತಲಿನ ಅಂಗಡಿಗಳಿಗೆ ಮುಟ್ಟಿಸಲು ಒಂದು ಹಳೆಯ ವ್ಯಾನ್. ಆರು ವಾರಗಳ ಹಿಂದೆ ಒಂದು ಬೆಳಗ್ಗೆ ಗಫೂರ್ ಅವರೇ ವ್ಯಾನ್ ಓಡಿಸಿಕೊಂಡು ತರೀಕೆರೆಗೆ ಹೊರಟಿದ್ದಾಗ ಎಮ್ಮೆಯೊಂದು ರಸ್ತೆಗೆ ನುಗ್ಗಿದೆ. ಅದನ್ನು ತಪ್ಪಿಸಲು ಹೋಗಿ ವ್ಯಾನ್ ಎಡಕ್ಕೆ ಹೊರಳಿ, ಅಂಚಿನಲ್ಲಿ ಸೈಕಲ್ ತುಳಿಯುತ್ತಿದ್ದ ಹಾಲಪ್ಪ ಎಂಬುವವರಿಗೆ ಬಡಿದು, ಚರಂಡಿಗೆ ಇಳಿದು ಮಗ್ಗುಲಾಗಿದೆ. ಹಾಲಪ್ಪ ಬುಕ್ಕಾಂಬುಧಿ ಕೆರೆಯ ನೀರುಗಂಟಿ, ಅಂದರೆ ತೂಬು ಎತ್ತಿ ಗದ್ದೆಗದ್ದೆಗೆ ಸರದಿಯ ಪ್ರಕಾರ ನೀರು ಬಿಡುವವರು. ಅವರ ಬಲಗಾಲನ್ನು ಮೊಣಕಾಲಿನ ಕೆಳಗೆ ಶಿವಮೊಗ್ಗದ ಆಸ್ಪತ್ರೆಯಲ್ಲಿ ತೆಗೆಯಬೇಕಾಯಿತು. ಅವರ ಕಡೆಯ ವಕೀಲರು ಚಿಕ್ಕಮಗಳೂರಿನ ಕ್ಲೇಮ್ಸ್ ಟ್ರಿಬ್ಯೂನಲ್‌ನಲ್ಲಿ, ಅಂದರೆ ಅಪಘಾತ ಪರಿಹಾರದ ನ್ಯಾಯಮಂಡಲಿಯಲ್ಲಿ, ಮಾಲೀಕರ ಮೇಲೂ ನಮ್ಮ ಕಂಪನಿಯ ಮೇಲೂ ಅರ್ಜಿ ಹಾಕಿದ್ದರು.

ಇಲ್ಲಿ ಅಂದಿನ ಕಾನೂನನ್ನು ಸ್ವಲ್ಪ ಹೇಳಬೇಕು. ಆಗ ಸರಕು ಸಾಗಿಸುವ ವಾಹನಗಳಿಗೆ ಎರಡು ಬಗೆಯ ಪರ್ಮಿಟ್ ಇತ್ತು. ಪಬ್ಲಿಕ್ ಕ್ಯಾರಿಯರ್ ಎಂದರೆ ಯಾರ ಸರಕನ್ನಾದರೂ ಬಾಡಿಗೆಗೆ ಹೊರಬಹುದು. ಪ್ರೈವೇಟ್ ಕ್ಯಾರಿಯರ್ ಎಂದರೆ ಮಾಲೀಕ ತನ್ನ ಸ್ವಂತ ವ್ಯಾಪಾರದ ಸರಕನ್ನು ಮಾತ್ರ ಹೊರಬೇಕು, ಬಾಡಿಗೆ ಮುಟ್ಟಕೂಡದು. ಗಫೂರ್ ಅವರದು ಎರಡನೆಯದು. ಅವರ ವಿಮಾ ಪಾಲಿಸಿಯ ಬೆನ್ನಿನ ಮೇಲೂ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಅದೇ ಷರತ್ತು ಇತ್ತು: ಬಾಡಿಗೆಗೆ ಓಡಿಸಿದರೆ ವಿಮೆ ಇಲ್ಲ. ಬಾಡಿಗೆ ಪರ್ಮಿಟ್ ಇಲ್ಲದ ವಾಹನವನ್ನು ಬಾಡಿಗೆಗೆ ಓಡಿಸಿದ್ದು ಸಾಬೀತಾದರೆ ದಾರಿಹೋಕನಿಗೆ ಕೊಡಬೇಕಾದ ಪರಿಹಾರದಿಂದಲೂ ಕಂಪನಿ ಕೈತೊಳೆದುಕೊಳ್ಳಬಹುದಿತ್ತು.

ಕಡತದಲ್ಲಿ ಗಫೂರ್ ಅವರು ಪೊಲೀಸರಿಗೆ ಕೊಟ್ಟ ಹೇಳಿಕೆ ಇತ್ತು. ಅದರಲ್ಲಿ ಅವರೇ ಹೇಳಿದ್ದರು: "ಮದುವೆಗೆ ಹೋಗುವ ಪಾರ್ಟಿಯೊಂದಕ್ಕೆ ವ್ಯಾನನ್ನು ಬಾಡಿಗೆಗೆ ಕೊಟ್ಟಿದ್ದೆನು. ಅಪಘಾತವಾದ ಕೂಡಲೇ ಪಾರ್ಟಿಯವರು ಇಳಿದು ಹೋದರು."

ನಾನು ಅಜ್ಜಂಪುರಕ್ಕೆ ಹೋಗಿ ಮೊದಲು ವ್ಯಾನ್ ನೋಡಿದೆ. ವರ್ಕ್‌ಶಾಪಿನ ಹಿಂದೆ ನಿಂತಿತ್ತು. ಎಡಮಗ್ಗುಲು ಪೂರಾ ಒಳಕ್ಕೆ ಹೋಗಿತ್ತು. ನೆಲಹಾಸಿನ ಸಂದಿಗಳಲ್ಲಿ ಒಡೆದ ಸೋಡಾ ಬಾಟಲಿಯ ಹಸಿರು ಚೂರುಗಳಿದ್ದವು. ಬ್ರೇಕು ಸರಿಯಿತ್ತು. ಪರ್ಮಿಟ್, ಫಿಟ್‌ನೆಸ್ ಸರ್ಟಿಫಿಕೇಟ್, ಲೈಸೆನ್ಸ್ ಎಲ್ಲವೂ ಚಾಲ್ತಿಯಲ್ಲಿದ್ದವು. ಮೂರು ತಿಂಗಳಿಗೊಮ್ಮೆ ಕಟ್ಟುವ ರಸ್ತೆ ತೆರಿಗೆಯ ಒಂದು ಕಂತೂ ತಪ್ಪಿರಲಿಲ್ಲ. ಕಾಗದಪತ್ರವನ್ನು ಇಷ್ಟು ಅಚ್ಚುಕಟ್ಟಾಗಿ ಇಟ್ಟ ಮಾಲೀಕರು ಆ ಸೀಮೆಯಲ್ಲಿ ಕಡಿಮೆ.

ಗಫೂರ್ ಐವತ್ತರ ಆಸುಪಾಸಿನ ತೆಳ್ಳಗಿನ ಮನುಷ್ಯ. ನಾನು ಕೇಳಿದ್ದಕ್ಕೆಲ್ಲ ನೆಲ ನೋಡಿಕೊಂಡು ಉತ್ತರಿಸಿದರು.

"ಯಾರಿಗೆ ಬಾಡಿಗೆ ಕೊಟ್ಟಿದ್ರಿ?"

"ಶಿವನಿ ಕಡೆಯೋರು ಸಾರ್. ಹೆಸ್ರು ಗೊತ್ತಿಲ್ಲ."

"ಎಷ್ಟು ಜನ?"

"ನಾಕೈದು ಜನ ಗಂಡಸ್ರು."

"ಬಾಡಿಗೆ ಎಷ್ಟಕ್ಕೆ ಮಾತಾಗಿತ್ತು?"

ಅವರು ತಡವರಿಸಿದರು. "ಊರು ಮುಟ್ಟಿದ್ಮೇಲೆ ಕೊಡ್ತೀವಿ ಅಂದಿದ್ರು."

ಬರೆದುಕೊಂಡೆ, ಸಹಿ ಹಾಕಿಸಿಕೊಂಡೆ. ಮಾಲೀಕನೇ ಬಾಡಿಗೆ ಎಂದು ಎರಡು ಸಲ ಒಪ್ಪಿಕೊಂಡ ಮೇಲೆ ಹೆಚ್ಚು ಕೆದಕುವುದೇನಿದೆ? ಸಂಜೆ ಕಡೂರಿಗೆ ಬಂದು ವರದಿಯ ಕರಡು ಬರೆದೆ. ಮರುದಿನ ಅದನ್ನು ನೋಡಿದ ಶಾಖಾ ವ್ಯವಸ್ಥಾಪಕರು, "ಇಷ್ಟು ಸುಲಭದ ಕೇಸು ಈ ವರ್ಷ ಬಂದೇ ಇರಲಿಲ್ಲ ಕಣ್ರೀ. ಗಾಯಾಳುವಿನ ಹೇಳಿಕೆಯೊಂದು ಸೇರಿಸಿ ಕಳಿಸಿಬಿಡಿ" ಎಂದರು. ಆ ಹೇಳಿಕೆ ಬರಿಯ ಶಾಸ್ತ್ರಕ್ಕೆ. ಆದರೂ ನಿಯಮವಾದ್ದರಿಂದ ಎರಡು ದಿನ ಬಿಟ್ಟು ಬುಕ್ಕಾಂಬುಧಿಗೆ ಹೋದೆ.

ಹಾಲಪ್ಪ ಜಗಲಿಯ ಮೇಲೆ ಕಂಬಕ್ಕೆ ಒರಗಿ ಕೂತಿದ್ದರು. ಆಸ್ಪತ್ರೆಯಿಂದ ಬಂದು ಹತ್ತು ದಿನವಾಗಿತ್ತು. ಪಂಚೆಯನ್ನು ಮಡಿಚಿ ಇಲ್ಲದ ಕಾಲಿನ ಜಾಗದ ಮೇಲೆ ಹೊದಿಸಿದ್ದರು. ಸುಮಾರು ನಲವತ್ತು ವರ್ಷ. ನೀರುಗಂಟಿಯ ಕೆಲಸವೆಲ್ಲ ಕಾಲಿನ ಮೇಲೆ. ಕಾಲುವೆಯ ಉದ್ದಕ್ಕೂ ನಡೆಯಬೇಕು, ನೀರು ತಡೆಯಲು ಮಣ್ಣಿನ ಮಡವೆ ಕಟ್ಟಬೇಕು, ಒಡೆಯಬೇಕು. ಅಂದು ಅವರು ಸೈಕಲ್ ಹತ್ತಿದ್ದೂ ಅದೇ ಕೆಲಸಕ್ಕೆ. ತೂಬಿನ ರಿಪೇರಿಗೆ ಊರವರು ಬರೆದ ಅರ್ಜಿಯನ್ನು ತರೀಕೆರೆಯ ತಾಲ್ಲೂಕು ಕಚೇರಿಗೆ ಒಯ್ಯುತ್ತಿದ್ದರು.

"ತಪ್ಪು ಯಾರದು ಅನ್ಸುತ್ತೆ ನಿಮಗೆ?" ಎಂದು ಕೇಳಿದೆ.

"ಸಾಬ್ರುದು ಅಂತ ಹೆಂಗ್ ಹೇಳ್ಲಿ ಸಾರ್? ಎಮ್ಮೆ ಅಡ್ಡ ಬಂತು. ಎಮ್ಮೆ ಮ್ಯಾಲೆ ಕೇಸ್ ಹಾಕಕ್ಕಾಯ್ತದಾ?" ಎಂದು ಸಣ್ಣಗೆ ನಕ್ಕರು.

"ಗಾಡಿಯಲ್ಲಿ ಇದ್ದ ಗಂಡಸರು ಯಾರಾದ್ರೂ ಗುರುತಿನವರಾ?"

"ಗಂಡಸ್ರಾ? ಯಾವ ಗಂಡಸ್ರು?" ಹಾಲಪ್ಪ ನನ್ನನ್ನೇ ನೋಡಿದರು. "ಸಾಬ್ರು ಒಬ್ರೇ ಗಂಡಸ್ರು. ಅವರೆಂಡ್ರು ಇದ್ರು, ವಯಸ್ಸಾದ ತಾಯಿ ಇದ್ರು. ಅವರೆಂಡ್ರು ಹಣೇಲಿ ರಕ್ತ ಸೋರ್ತಾ ಇದ್ರೂ ಸೆರಗು ಹರ್ದು ನನ್ ಕಾಲಿಗೆ ಬಿಗಿಯಾಗಿ ಕಟ್ಟಿದ್ರು. ಕಟ್ಟದಿದ್ರೆ ದಾರೀಲೇ ಜೀವ ಹೋಗ್ತಿತ್ತು ಅಂದ್ರು ಡಾಕ್ಟ್ರು."

ಒಳಗಿನಿಂದ ಅವರ ಹೆಂಡತಿ ಕೆಂಚಮ್ಮ ಬಂದು ಬಾಗಿಲಲ್ಲಿ ನಿಂತರು. "ಆಯಮ್ಮ ಈಗ್ಲೂ ಬತ್ತಾರೆ. ಬಸ್ಸಲ್ಲಿ, ಮೊಟ್ಟೆ ಬನ್ನು ತಗೊಂಡು. ಬಂದಾಗ್ಲೆಲ್ಲ ಅಳ್ತಾರೆ. 'ನಮ್ಮನೇವ್ರು ಒಂದು ಸುಳ್ಳು ಹೇಳ್ಬಿಟ್ಟವ್ರೆ ಕಣಮ್ಮ' ಅಂತಾರೆ. ಏನು ಸುಳ್ಳು ಅಂದ್ರೆ ಹೇಳಲ್ಲ."

ಗಫೂರ್ ಅವರ ಹೇಳಿಕೆಯನ್ನು ಚೀಲದಿಂದ ತೆಗೆದು ಮತ್ತೆ ಓದಿದೆ. ನಾಲ್ಕೈದು ಗಂಡಸರು, ಹೆಸರಿಲ್ಲ, ಬಾಡಿಗೆಯ ಮೊತ್ತವಿಲ್ಲ. ಸೋಡಾ ತುಂಬಿದ ಕ್ರೇಟುಗಳ ನಡುವೆ ಮದುವೆಯ ಪಾರ್ಟಿ ಎಲ್ಲಿ ಕೂರಬೇಕಿತ್ತು? ವರ್ಕ್‌ಶಾಪಿನಲ್ಲಿ ಗಾಜಿನ ಚೂರು ನನ್ನ ಕಣ್ಣಿಗೆ ಬಿದ್ದಿತ್ತು, ಬುದ್ಧಿಗೆ ಬಿದ್ದಿರಲಿಲ್ಲ. ಆ ಸುಳ್ಳನ್ನು ನಾನು ಅಷ್ಟು ಬೇಗ ನಂಬಿದ್ದಕ್ಕೆ ಕಾರಣ ಇಷ್ಟೇ, ಅದು ನನ್ನ ಕೆಲಸವನ್ನು ಕಡಿಮೆ ಮಾಡಿತ್ತು.

ಅಲ್ಲಿಂದ ನೇರವಾಗಿ ಅಜ್ಜಂಪುರಕ್ಕೆ, ಗಫೂರ್ ಅವರ ಮನೆಗೆ ಹೋದೆ. ಮಧ್ಯಾಹ್ನ ಮೂರು ಗಂಟೆ. ಶೆಡ್ಡಿನಲ್ಲಿ ಯಂತ್ರ ನಿಂತಿತ್ತು. ವ್ಯಾನ್ ಇಲ್ಲದೆ ಸೋಡಾ ತುಂಬಿ ಯಾರಿಗೆ ಮುಟ್ಟಿಸುವುದು? ಗಫೂರ್ ನನ್ನನ್ನು ಕಂಡು ಎದ್ದು ನಿಂತರು. ಅವರ ಹೆಂಡತಿ ಜುಬೇದಾ ಅವರು ನೀರು ತಂದಿಟ್ಟರು. ಅವರ ಹುಬ್ಬಿನ ಮೇಲೆ ಹೊಲಿಗೆಯ ಗುರುತು ಇನ್ನೂ ಕೆಂಪಗಿತ್ತು.

"ಇದು ಹೇಗಾಯ್ತಮ್ಮ?"

"ಬಾವಿ ಕಟ್ಟೆ ಮೇಲೆ ಜಾರಿದ್ಲು ಸಾರ್" ಎಂದರು ಗಫೂರ್, ಹೆಂಡತಿ ಬಾಯಿ ತೆರೆಯುವ ಮೊದಲೇ.

ನಾನು ಚೀಲದಿಂದ ಪಾಲಿಸಿಯನ್ನು ತೆಗೆದು, ಆ ಷರತ್ತಿನ ಸಾಲಿನ ಮೇಲೆ ಬೆರಳಿಟ್ಟು, ನಿಧಾನವಾಗಿ ಕನ್ನಡದಲ್ಲಿ ಹೇಳಿದೆ. "ಗಫೂರ್ ಸಾಹೇಬ್ರೇ, ಇಲ್ಲಿ ಬರೆದಿರೋದು ಬಾಡಿಗೆಗೆ ಓಡಿಸಿದ್ರೆ ವಿಮೆ ಇಲ್ಲ ಅಂತ. ನೀವು ಬಾಡಿಗೆ ಅಂತ ಬರೆಸಿದ್ದೀರಿ. ಈ ಹೇಳಿಕೆ ನಿಂತರೆ ಹಾಲಪ್ಪನಿಗೆ ಕಂಪನಿ ಏನೂ ಕೊಡಲ್ಲ. ಪೂರಾ ನಿಮ್ಮ ತಲೆ ಮೇಲೆ ಬರುತ್ತೆ."

ಗಫೂರ್ ಯಂತ್ರದ ಪಕ್ಕದ ಕ್ರೇಟಿನ ಮೇಲೆ ಕುಸಿದು ಕೂತರು. "ಬಾಡಿಗೆ ಅಂದ್ರೆ ಇಲ್ವಾ? ಮನೆ ಕೆಲ್ಸಕ್ಕೆ ಅಂದ್ರೆ ತಾನೇ ಇಲ್ಲ?"

"ಹಾಗಂತ ಯಾರು ಹೇಳಿದ್ರು?"

ಆಗ ಎಲ್ಲವೂ ಹೊರಬಿತ್ತು. ಅಪಘಾತವಾದ ದಿನ ಠಾಣೆಯ ಹತ್ತಿರ ಅರ್ಜಿ ಬರೆಯುವ ಒಬ್ಬಾತ ಅವರನ್ನು ಪಕ್ಕಕ್ಕೆ ಕರೆದಿದ್ದ. "ಇದು ಕಮರ್ಷಿಯಲ್ ಗಾಡಿ. ನೀನು ಟ್ಯಾಕ್ಸ್ ಕಟ್ಟಿರೋದು ವ್ಯಾಪಾರಕ್ಕೆ, ಇನ್ಶೂರೆನ್ಸ್ ಕಟ್ಟಿರೋದೂ ವ್ಯಾಪಾರಕ್ಕೆ. ಹೆಂಡ್ರು ತಾಯೀನ ಕೂರಿಸ್ಕೊಂಡು ಹೋಗಿದ್ದೆ ಅಂದ್ರೆ ಟ್ಯಾಕ್ಸ್ ಕಳ್ಳ ಅಂತ ಗಾಡಿ ಹಿಡ್ಕೊತಾರೆ, ಇನ್ಶೂರೆನ್ಸೂ ಹೋಯ್ತು. ಬಾಡಿಗೆಗೆ ಹೋಗಿದ್ದೆ ಅನ್ನು, ವ್ಯಾಪಾರ ಆಗುತ್ತೆ" ಎಂದಿದ್ದ. ಆತನಿಗೂ ಕೇಡು ಬಗೆಯುವ ಉದ್ದೇಶವಿರಲಿಲ್ಲ ಎಂದೇ ನನಗೆ ಈಗಲೂ ಅನಿಸುತ್ತದೆ. ಕೇಳಲು ಎಷ್ಟು ಸರಿಯಾಗಿದೆ! ಕಮರ್ಷಿಯಲ್ ಗಾಡಿ ಕಮರ್ಷಿಯಲ್ ಆಗಿ ಓಡಿತು ಎಂದರೆ ತಪ್ಪೇನು? ಪರ್ಮಿಟ್‌ನಲ್ಲಿ ಎರಡು ಬಗೆ ಇದೆ ಎಂಬುದು ಅವನಿಗೆ ತಿಳಿಯದು, ಅಷ್ಟೇ.

ನಾನು ಗಫೂರ್ ಅವರಿಗೆ ಬಿಡಿಸಿ ಹೇಳಿದೆ. ರಸ್ತೆ ತೆರಿಗೆ ಗಾಡಿಯ ಬಗೆಗೆ ಮತ್ತು ತೂಕಕ್ಕೆ ಕಟ್ಟುವಂಥದ್ದು, ಒಂದೊಂದು ಪ್ರಯಾಣಕ್ಕಲ್ಲ. ಸರಕಿನ ವ್ಯಾನಿಗೆ ಸೀಟು ಹಾಕಿಸಿ ಮನೆಯ ಗಾಡಿ ಮಾಡಿಕೊಳ್ಳುವುದಾದರೆ ಆರ್‌ಟಿಓ ಕಚೇರಿಯಲ್ಲಿ ರಿಜಿಸ್ಟ್ರೇಷನ್ ಬದಲಾಯಿಸಿ ಬೇರೆ ತೆರಿಗೆ ಕಟ್ಟಬೇಕು, ಬೇರೆ ವಿಮೆ ಮಾಡಿಸಬೇಕು. ಒಂದು ದಿನ ಮನೆಯವರನ್ನು ಕೂರಿಸಿಕೊಂಡದ್ದರಿಂದ ತೆರಿಗೆ ಕದ್ದಂತೆ ಆಗುವುದಿಲ್ಲ. ಸರಕಿನ ಗಾಡಿಯಲ್ಲಿ ಜನರನ್ನು ಕೂರಿಸಿದ್ದು ಪರ್ಮಿಟ್ ನಿಯಮದ ತಪ್ಪು ನಿಜ, ಅದಕ್ಕೆ ದಂಡ ಬೀಳಬಹುದು. ಆ ಇಬ್ಬರಿಗೆ ಆದ ಗಾಯಕ್ಕೆ ವಿಮೆಯಿಂದ ಏನೂ ಸಿಗುವುದಿಲ್ಲ. ವ್ಯಾನಿನ ರಿಪೇರಿಗೂ ಸಿಗುವುದು ಕಷ್ಟ. ಆದರೆ ಬಾಡಿಗೆ ಇಲ್ಲದಿದ್ದರೆ ದಾರಿಯಲ್ಲಿ ಹೋಗುತ್ತಿದ್ದ ಹಾಲಪ್ಪನ ಪರಿಹಾರವನ್ನು ಕಂಪನಿ ಕೊಡಲೇಬೇಕು ಎಂದು ವಾದಿಸಬಹುದು.

"ಸಚ್ ಬೋಲ್ ಡಾಲೋ ಜೀ" ಎಂದರು ಜುಬೇದಾ ಗಂಡನಿಗೆ. ನಿಜ ಹೇಳಿಬಿಡಿ ಎಂದು. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಹಾಲಪ್ಪನೋರ ಮನೆ ಜಗಲಿ ಹತ್ತೋಕೇ ನಾಚಿಕೆ ಆಗುತ್ತೆ ಸಾರ್. ಅವ್ರು ಒಂದು ಸಲಾನೂ ನಮ್ಮನ್ನ ಬೈದಿಲ್ಲ" ಎಂದರು.

ಗಫೂರ್ ಆಮೇಲೆ ಇನ್ನೊಂದು ಕಾರಣವನ್ನೂ ಹೇಳಿದರು. ಅವತ್ತು ವ್ಯಾನಿನಲ್ಲಿ ಇದ್ದದ್ದು ತರೀಕೆರೆಯ ಅಂಗಡಿಯೊಂದಕ್ಕೆ ಕೊಡಬೇಕಿದ್ದ ಎಂಟು ಕ್ರೇಟ್ ಸೋಡಾ. ಹೇಗೂ ಹೋಗುವುದಿದೆಯಲ್ಲ ಎಂದು ಹೆಂಡತಿಯನ್ನೂ ತಾಯಿಯನ್ನೂ ಕೂರಿಸಿಕೊಂಡಿದ್ದರು. ಮಗಳು ನೂರ್‌ಳ ಸಂಬಂಧದ ಮಾತಿಗೆ. ಹುಡುಗನ ತಂದೆ ತರೀಕೆರೆಯಲ್ಲಿ ಗಡಿಯಾರ ರಿಪೇರಿ ಮಾಡುವವರು. "ನಿಜ ಹೇಳಿದ್ರೆ ಅವ್ರನ್ನೂ ಕೋರ್ಟಿಗೆ ಕರೀತಾರೆ ಸಾರ್. ಮಾತು ಆಡೋಕೆ ಮುಂಚೇನೇ ಕೋರ್ಟು ಕಚೇರಿ ತೋರಿಸಿದ ಮನೆಯಿಂದ ಯಾರು ಹೆಣ್ಣು ತಗೋತಾರೆ?"

ಆದರೂ ಅವರು ಹೇಳಿಕೆ ಬದಲಿಸಲು ಒಪ್ಪಿದರು. ಹೇಳಿಕೆ ಬದಲಾದರೆ ಮಾತ್ರ ಸಾಲದು ಎಂಬುದು ನನಗೆ ಗೊತ್ತಿತ್ತು. ಪರಿಹಾರ ತಲೆಗೆ ಬರುತ್ತದೆಂದು ತಿಳಿದ ಮೇಲೆ ಕಥೆ ಕಟ್ಟಿದ್ದಾರೆ ಎಂದು ಕಂಪನಿ ಹೇಳಿಯೇ ಹೇಳುತ್ತದೆ. ಗಫೂರ್ ಅವರ ಬಾಯಿಂದ ಬಾರದ, ಆ ದಿನವೇ ಹುಟ್ಟಿದ ಸಾಕ್ಷಿ ಬೇಕಿತ್ತು.

ಮರುದಿನ, ಅಪಘಾತವಾದಾಗ ಗಾಯಾಳುಗಳನ್ನು ಮೊದಲು ಒಯ್ದಿದ್ದ ತರೀಕೆರೆಯ ಆಸ್ಪತ್ರೆಗೆ ಹೋಗಿ ಹೊರರೋಗಿಗಳ ರಿಜಿಸ್ಟರ್ ನೋಡಲು ಅನುಮತಿ ಕೇಳಿದೆ. ಗುಮಾಸ್ತರು ಗೊಣಗುತ್ತಲೇ ತೆಗೆದುಕೊಟ್ಟರು. ಹಾಲಪ್ಪನ ಹೆಸರಿನ ಕೆಳಗಿನ ಸಾಲಿನಲ್ಲೇ ಇತ್ತು: ಜುಬೇದಾ, ಗಂಡ ಅಬ್ದುಲ್ ಗಫೂರ್, ಅಜ್ಜಂಪುರ, ಹುಬ್ಬಿನ ಗಾಯ, ನಾಲ್ಕು ಹೊಲಿಗೆ, ವ್ಯಾನ್ ಅಪಘಾತ. ಅದರ ಕೆಳಗೆ ಗಫೂರರ ತಾಯಿಯ ಹೆಸರು, ಮೊಣಕೈ ಊತ. ಅದೇ ಶಾಯಿ, ಅದೇ ಕೈಬರಹ. ಮೂರು ಸಾಲುಗಳನ್ನೂ ಎರಡೆರಡು ಸಲ ಓದಿದೆ. ಆ ಪುಟದ ನಕಲು ಮಾಡಿಸಿಕೊಂಡೆ. ಸೋಡಾ ತರಿಸಿದ್ದ ಅಂಗಡಿಯವರು, ಆ ದಿನ ಸರಕು ಬಾರದೆ ಬೇರೆ ಕಡೆಯಿಂದ ತರಿಸಿದೆವು ಎಂದು ಬರೆದುಕೊಟ್ಟರು.

ಉಳಿದದ್ದು ಗಡಿಯಾರದ ಅಂಗಡಿ. ಹೋಗಬೇಕೋ ಬೇಡವೋ ಎಂದು ಎದುರಿನ ಹೋಟೆಲಿನಲ್ಲಿ ಎರಡು ಕಾಫಿ ಕುಡಿದೆ. ಅವರು ಬರೆದುಕೊಟ್ಟರೆ ಕೇಸಿಗೆ ಬಲ. ಬೇಸರಪಟ್ಟರೆ ಒಂದು ಹುಡುಗಿಯ ಮದುವೆ ನನ್ನಿಂದ ಮುರಿದಂತೆ. ಕೊನೆಗೆ ಹೋದೆ. ಹುಡುಗನ ತಂದೆ ಇಮಾಮ್ ಸಾಹೇಬರು ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿಯನ್ನು ತೆಗೆದಿಟ್ಟು ನಾನು ಹೇಳಿದ್ದನ್ನೆಲ್ಲ ಕೇಳಿದರು.

"ಅವತ್ತು ನಮ್ಮನೇಲಿ ಅಡುಗೆ ಮಾಡಿ ಕಾಯ್ತಾ ಕೂತಿದ್ವಿ. ಮಧ್ಯಾಹ್ನದ ಮೇಲೆ ಸುದ್ದಿ ಬಂತು. ಆಮೇಲೆ ಆ ಕಡೆಯಿಂದ ಮಾತೇ ಇಲ್ಲ. ನಮ್ ಸಂಬಂಧ ಇಷ್ಟ ಆಗ್ಲಿಲ್ವೇನೋ ಅಂದ್ಕೊಂಡಿದ್ವಿ" ಎಂದರು. ನಂತರ ಕಾಗದ ಕೇಳಿದರು. "ಎಲ್ಲಿ ಬರೀಬೇಕು ಹೇಳಿ. ಸಂಬಂಧ ಬೆಳೆಸೋಕೆ ಹೊರಟೋರು ನಮ್ಮನೆ ದಾರೀಲೇ ಪೆಟ್ಟು ತಿಂದವ್ರೆ. ಸಾಕ್ಷಿ ಹೇಳಕ್ಕೆ ನಾಚಿಕೆ ಏನ್ರೀ?"

ಠಾಣೆಯಲ್ಲಿ ಸಬ್ ಇನ್ಸ್‌ಪೆಕ್ಟರು ಗಫೂರ್ ಅವರಿಗೆ ಹದಿನೈದು ನಿಮಿಷ ಬೈದು, ಮತ್ತೊಂದು ಹೇಳಿಕೆ ಬರೆಸಿಕೊಂಡರು. ನಮ್ಮ ಶಾಖೆಯಲ್ಲಿ ಬೈಗುಳ ನನ್ನ ಪಾಲಿಗೆ ಬಂತು. "ನೀವು ಕಂಪನಿಯ ಸರ್ವೇಯರ್ರೋ, ಅವರ ವಕೀಲರೋ?" ಎಂದರು ವ್ಯವಸ್ಥಾಪಕರು.

"ಕರಡಿನಲ್ಲಿ ನಾನು ಬರೆದದ್ದು ಸುಳ್ಳು ಸಾರ್. ಅದಕ್ಕೆ ಸಹಿ ಹಾಕಕ್ಕಾಗಲ್ಲ" ಎಂದೆ.

ಅವರು ಆಸ್ಪತ್ರೆಯ ರಿಜಿಸ್ಟರಿನ ನಕಲನ್ನು ತುಂಬ ಹೊತ್ತು ನೋಡಿದರು. ಕೋಪಿಷ್ಠರು, ಆದರೆ ನ್ಯಾಯ ಬಿಟ್ಟವರಲ್ಲ. ಎರಡೂ ಹೇಳಿಕೆಗಳನ್ನು, ನನ್ನ ಹೊಸ ವರದಿಯನ್ನು ಸೇರಿಸಿ ಶಿವಮೊಗ್ಗದ ಕಾನೂನು ಸಲಹೆಗಾರರಿಗೆ ಕಳಿಸಿದರು.

ಉತ್ತರ ಬರಲು ಐದು ವಾರ ಹಿಡಿಯಿತು. ಆ ಐದು ವಾರ ಗಫೂರ್ ಎರಡು ದಿನಕ್ಕೊಮ್ಮೆ ಅಂಚೆ ಕಚೇರಿಯಿಂದ ಶಾಖೆಗೆ ಟ್ರಂಕ್ ಕಾಲ್ ಮಾಡುತ್ತಿದ್ದರು. ಉತ್ತರ ಬಂದಿಲ್ಲ ಎಂದು ನಾನು ಹೇಳಿದಾಗ, "ಪರ್ವಾಗಿಲ್ಲ ಸಾರ್" ಎಂದು ಇಟ್ಟುಬಿಡುತ್ತಿದ್ದರು. ಮಾಲೀಕನಿಂದ ಸುಳ್ಳನ್ನು ಕಿತ್ತುಕೊಂಡವನು ನಾನು. ನಿಜ ಹೇಳಿಯೂ ಅವರು ಮುಳುಗಿದರೆ ಅವರ ಮುಖ ಹೇಗೆ ನೋಡಲಿ?

ಕೊನೆಗೆ ಒಂದು ಸೋಮವಾರ ಲಕೋಟೆ ಬಂತು. ಸಲಹೆಗಾರರ ಅಭಿಪ್ರಾಯ ಒಂದೂವರೆ ಪುಟ. ವಾಹನ ಹೊರಟದ್ದು ಮಾಲೀಕನ ಸ್ವಂತ ಸರಕು ಮುಟ್ಟಿಸಲು. ಜೊತೆಗೆ ಮನೆಯವರನ್ನು ಉಚಿತವಾಗಿ ಕೂರಿಸಿದ್ದು ನಿಯಮಭಂಗವಾದರೂ ಬಾಡಿಗೆ ಅಲ್ಲ. ಆದ್ದರಿಂದ ಸೈಕಲ್ ಸವಾರನ ಪರಿಹಾರದ ಹೊಣೆಯನ್ನು ಕಂಪನಿ ಒಪ್ಪಿಕೊಳ್ಳಬೇಕು. ವ್ಯಾನಿನ ಸ್ವಂತ ಹಾನಿಯ ಕ್ಲೇಮನ್ನು ತಿರಸ್ಕರಿಸಬಹುದು.

ಪತ್ರ ಹಿಡಿದುಕೊಂಡು ಅಂದೇ ಬಸ್ಸು ಹತ್ತಿದೆ. ಅಂಚೆಯಲ್ಲಿ ಹಾಕಿದ್ದರೂ ಆಗುತ್ತಿತ್ತು, ಮನಸ್ಸು ತಡೆಯಲಿಲ್ಲ. ಗಫೂರ್ ಪೂರ್ತಿ ಕೇಳಿಸಿಕೊಂಡು, "ಹಾಲಪ್ಪಂಗೆ ಸಿಗುತ್ತೆ, ಅಲ್ವಾ ಸಾರ್? ಖಾತ್ರಿ ತಾನೇ?" ಎಂದು ಮೂರು ಸಲ ಕೇಳಿದರು.

"ಖಾತ್ರಿ. ನಿಮ್ಮ ವ್ಯಾನಿಗೆ ಮಾತ್ರ ಇಲ್ಲ."

"ವ್ಯಾನ್ ಬಿಡಿ ಸಾರ್. ತಗಡು ತಟ್ಟಿದ್ರೆ ಎದ್ದು ಬರುತ್ತೆ" ಎಂದು ಟೋಪಿ ತೆಗೆದು ಮುಖ ಒರೆಸಿಕೊಂಡರು. ಜುಬೇದಾ ನಿಂತಲ್ಲೇ ಕೂತು ಜೋರಾಗಿ ಅತ್ತರು. ಆಮೇಲೆ ನಗುತ್ತಾ, "ನನ್ ಹಣೆಗೆ ಏನೂ ಇಲ್ವಾ ಸಾರ್, ನಾಕು ಹೊಲಿಗೆಗೆ?" ಎಂದರು. ಅಷ್ಟು ದಿನಗಳಲ್ಲಿ ಆ ಮನೆಯಲ್ಲಿ ನಾನು ಕೇಳಿದ ಮೊದಲ ನಗು ಅದು.

ಟ್ರಿಬ್ಯೂನಲ್‌ನಲ್ಲಿ ಎರಡೂ ಕಡೆಯವರು ರಾಜಿಯಾಗಿ, ಹಾಲಪ್ಪನವರಿಗೆ ಪರಿಹಾರ ಬಂತು. ಅದರಲ್ಲಿ ಕೃತಕ ಕಾಲು ಹಾಕಿಸಿಕೊಂಡರು. ಗಫೂರ್ ಆರ್‌ಟಿಓ ಕಚೇರಿಗೆ ತಾವೇ ಹೋಗಿ ಪರ್ಮಿಟ್ ನಿಯಮ ಮೀರಿದ್ದಕ್ಕೆ ದಂಡ ಕಟ್ಟಿ ಬಂದರು. ಮರುವರ್ಷ ನೂರ್‌ಳ ನಿಕಾಹ್ ತರೀಕೆರೆಯ ಹುಡುಗನ ಜೊತೆಗೇ ಆಯಿತು. ಹೆಣ್ಣಿನ ಕಡೆಯವರೆಲ್ಲ ಬಸ್ಸಿನಲ್ಲೇ ಹೋದರಂತೆ. ಬುಕ್ಕಾಂಬುಧಿಯಲ್ಲಿ ಕಾಲುವೆಯ ಮೇಲೆ ನಡೆಯುವ ಕೆಲಸವನ್ನು ಕೆಂಚಮ್ಮ ವಹಿಸಿಕೊಂಡರು, ತೂಬಿನ ಬಳಿ ಕೂತು ಸರದಿ ಹೇಳುವ ಕೆಲಸ ಹಾಲಪ್ಪನವರದು. ಹೆಂಗಸು ನೀರು ಬಿಡುವುದೇ ಎಂದು ಮೊದಮೊದಲು ಕೆಲವರು ಗೊಣಗಿದರಂತೆ. ಕೆಳಗದ್ದೆಗಳಿಗೂ ಹೊತ್ತಿಗೆ ಸರಿಯಾಗಿ ನೀರು ಮುಟ್ಟಿದ್ದನ್ನು ಕಂಡು ಸುಮ್ಮನಾದರು.

ಈ ಕೇಸಿನ ನಂತರ ಇನ್ನೂ ಹದಿನೆಂಟು ವರ್ಷ ಅದೇ ಕೆಲಸ ಮಾಡಿದೆ. ಮಾಡುವ ರೀತಿ ಮಾತ್ರ ಬದಲಾಯಿತು. ಅಲ್ಲಿಯವರೆಗೆ ನಾನು ಹೋದ ಕೂಡಲೇ ಏನಾಯಿತು ಹೇಳಿ ಎನ್ನುತ್ತಿದ್ದೆ. ಆಮೇಲೆ ಮೊದಲು ಪಾಲಿಸಿಯನ್ನು ತೆರೆದು, ಯಾವುದಕ್ಕೆ ವಿಮೆ ಇದೆ, ಯಾವುದಕ್ಕೆ ಇಲ್ಲ, ಯಾವುದು ಬರಿಯ ದಂಡದ ತಪ್ಪು, ಯಾವುದು ಎಲ್ಲವನ್ನೂ ಕಳೆಯುವ ತಪ್ಪು ಎಂದು ಅವರ ಮಾತಿನಲ್ಲಿ ಹೇಳಿ, ನಂತರ ಪ್ರಶ್ನೆ ಕೇಳುತ್ತಿದ್ದೆ. ಹೀಗೆ ಮಾಡಿದರೆ ಜನ ತಮಗೆ ಅನುಕೂಲವಾದ ಸುಳ್ಳನ್ನು ಆರಿಸಿಕೊಳ್ಳುತ್ತಾರೆ ಎಂದು ಸಹೋದ್ಯೋಗಿಗಳು ಹೆದರಿಸಿದರು. ಅಂಥವರೂ ಸಿಕ್ಕರು, ಇಲ್ಲವೆನ್ನುವುದಿಲ್ಲ. ಆದರೆ ನಾನು ಕಂಡ ಸುಳ್ಳುಗಳಲ್ಲಿ ಆಸೆಯಿಂದ ಹುಟ್ಟಿದವು ಕೆಲವೇ. ಬಹಳಷ್ಟು ಹುಟ್ಟಿದ್ದು ನಿಯಮ ಗೊತ್ತಿಲ್ಲದ ಭಯದಿಂದ. ಆ ಭಯವನ್ನು ಕಾಗದದ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿಸಿ ಕೈಗೆ ಕೊಟ್ಟವರು ನಾವೇ. ಅದನ್ನು ಓದಿ ಹೇಳುವುದೂ ನಮ್ಮ ಕೆಲಸವೇ ಆಗಿತ್ತು.